ಎಕ್ಕವಿದ್ದೂ ರಾಣಿಯನ್ನಿಳಿಸುವ ಜಾಣ್ಮೆ

ಅಮೆರಿಕದಿಂದ ರಜೆಗೆ ಬಂದಿದ್ದ ನನ್ನ ಅಕ್ಕನ ಮಗ, ಒಂದು ಮಧ್ಯಾಹ್ನ ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಇಸ್ಪೀಟಿನ ಕಟ್ಟು ಬಿಚ್ಚಿದ. ಅಲ್ಲಿಯ ಹುಡುಗರು ಹಾಸ್ಟೆಲುಗಳಲ್ಲಿ ಆಡುವ 'ಸ್ಪೇಡ್ಸ್' ಎಂಬ ಆಟವನ್ನು ನಮಗೆಲ್ಲ ಕಲಿಸಿಯೇ ತೀರಬೇಕೆಂಬ ಹಟ ಅವನದು. ಎಂಬತ್ತು ದಾಟಿದ ನನ್ನ ದೊಡ್ಡಪ್ಪನವರು ಅವನ ಜೊತೆಗಾರರಾದರು. ನಾನೂ ನನ್ನ ಹೆಂಡತಿಯೂ ಎದುರಾಳಿಗಳು. ದೊಡ್ಡಪ್ಪನವರಿಗೆ ಹೊಸ ಆಟದ ಅಂಜಿಕೆಯೇನೂ ಇರಲಿಲ್ಲ. ಇಪ್ಪತ್ತೆಂಟರ ಆಟದಲ್ಲಿ ಅರವತ್ತು ವರ್ಷ ಪಳಗಿದ ಕೈ ಅವರದು.

ನಾಲ್ಕನೆಯದೋ ಐದನೆಯದೋ ಆಟದಲ್ಲಿ ದೊಡ್ಡಪ್ಪನವರು ಆಟೀನಿನ ಒಂದು ಸಣ್ಣ ಎಲೆ ಇಳಿಸಿದರು. ನನ್ನ ಹೆಂಡತಿ ಅದಕ್ಕಿಂತ ಸಣ್ಣದನ್ನು ಹಾಕಿದಳು. ಮೂರನೆಯವನಾದ ಹುಡುಗ ಒಂದು ಗಳಿಗೆ ಯೋಚಿಸಿ ರಾಣಿಯನ್ನು ಇಳಿಸಿದ. ನನ್ನ ಕೈಯಲ್ಲಿ ರಾಜ ಇತ್ತು, ಹೊಡೆದೆ. ಮತ್ತೆ ಆಟೀನನ್ನೇ ನಡೆಸಿದೆ. ನನ್ನ ಹೆಂಡತಿಯ ಬಳಿ ಆ ಬಣ್ಣ ಮುಗಿದಿತ್ತು, ತುರುಪು ಹಾಕಿದಳು. ಆಗ ಹುಡುಗನ ಕೈಯಿಂದ, ಬೇರೆ ದಾರಿಯಿಲ್ಲದೆ, ಆಟೀನಿನ ಎಕ್ಕ ಹೊರಬಿತ್ತು.

"ಎಕ್ಕ ಇಟ್ಕೊಂಡು ರಾಣೀನ ಇಳಿಸಿದೆಯೇನೋ! ಈಗ ಎರಡೂ ಹೋಯ್ತಲ್ಲ!" ಎಂದರು ದೊಡ್ಡಪ್ಪನವರು.

"ತಾತ, ರಾಜ ಮಾವನ ಕೈಲಿರೋ ಸಂಭವ ಮೂರರಲ್ಲಿ ಒಂದೇ ಪಾಲು. ನನ್ನ ಲೆಕ್ಕ ಸರಿಯಾಗೇ ಇತ್ತು."

"ಲೆಕ್ಕ ಸರಿಯಾಗಿತ್ತು, ಪಟ್ಟು ಹೋಯ್ತು" ಎಂದು ಅವರು ನಶ್ಯದ ಡಬ್ಬಿಗೆ ಕೈಹಾಕಿದರು.

ಹುಡುಗ ತಾನೇ ಕಂಡುಹಿಡಿದವನಂತೆ ಹೇಳಿದ ಆ ಲೆಕ್ಕಕ್ಕೆ ಇನ್ನೂರೆಂಬತ್ತು ವರ್ಷಗಳ ಹತ್ತಿರ ವಯಸ್ಸಾಗಿದೆ. ಅದರ ಕಥೆಯನ್ನು ಹೇಳಬೇಕೆನ್ನಿಸಿತು. ಎಲೆಯಾಟ ಬಾರದ ಓದುಗರಿಗಾಗಿ ಎರಡು ಮಾತು: ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಸುತ್ತು, ಅದನ್ನು ಗೆದ್ದವನಿಗೆ ಒಂದು 'ಪಟ್ಟು' ಬಂತೆಂದು ಇಲ್ಲಿ ಹೇಳುತ್ತೇನೆ. ಮೊದಲನೆಯವನು ನಡೆಸಿದ ಬಣ್ಣವನ್ನೇ ಉಳಿದವರೂ ಹಾಕಬೇಕು. ಆ ಬಣ್ಣ ಕೈಯಲ್ಲಿಲ್ಲದವನು ತುರುಪು ಹಾಕಿ ಗೆಲ್ಲಬಹುದು. ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ. ಎಕ್ಕವೂ ರಾಣಿಯೂ ನನ್ನಲ್ಲಿದ್ದು ನಡುವಣ ರಾಜ ಬೇರೆಲ್ಲಿಯೋ ಇರುವಾಗ, ಎಕ್ಕವನ್ನು ಬಚ್ಚಿಟ್ಟು ರಾಣಿಯಿಂದಲೇ ಪಟ್ಟು ಗಿಟ್ಟಿಸಲು ನೋಡುವ ಉಪಾಯಕ್ಕೆ ಇಂಗ್ಲಿಷಿನವರು 'ಫಿನೆಸ್' ಎನ್ನುತ್ತಾರೆ. ಮಾತು ಫ್ರೆಂಚಿನದು, ನವುರು, ಸೂಕ್ಷ್ಮ ಎಂದು ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ 'ನಾಜೂಕು' ಎಂದರೆ ತಪ್ಪಾಗಲಾರದೆಂದು ನನ್ನ ಎಣಿಕೆ. ಪಾರಸಿಯಿಂದ ಬಂದರೂ ನಮ್ಮ ಅಡುಗೆಮನೆಯವರೆಗೂ ಒಳಹೊಕ್ಕ ಮಾತು ಅದು.

ಕನ್ನಡ ಪಾಠ ಹೇಳುವವನಿಗೆ ಮಾತುಗಳ ಹಿಂದೆ ಹೋಗುವ ಚಟ ಬಿಡದು. ನಾಲ್ಕು ಬಣ್ಣಗಳಲ್ಲಿ ಒಂದಕ್ಕೆ ಇಸ್ಪೀಟು ಎಂದು ಹೆಸರು. ಆದರೆ ಕನ್ನಡಿಗನ ಬಾಯಲ್ಲಿ ಆ ಒಂದು ಬಣ್ಣದ ಹೆಸರೇ ಐವತ್ತೆರಡು ಎಲೆಗಳ ಇಡೀ ಕಟ್ಟಿಗೂ ಆಟಕ್ಕೂ ಅಂಟಿಕೊಂಡಿತು. ಆ ಹೆಸರಿನ ಮೂಲದಲ್ಲಿರುವುದು ಇಟಲಿ, ಸ್ಪೇನುಗಳ ಎಲೆಗಳಲ್ಲಿದ್ದ ಕತ್ತಿ. ಇಂಗ್ಲಿಷಿನ 'ಸ್ಪೇಡ್' ಕೂಡ ಆ ಕತ್ತಿಯೇ ಹೊರತು ತೋಟದ ಗುದ್ದಲಿಯಲ್ಲ. ತುರುಪು ಎಂಬ ಮಾತಿನ ಹಿಂದೆ ಹದಿನೈದನೆಯ ಶತಮಾನದ ಇಟಲಿಯ 'ತ್ರಿಯೋನ್ಫಿ', ಎಂದರೆ ವಿಜಯದ ಎಲೆಗಳು, ನಿಂತಿವೆ. ಹಡಗು ಹತ್ತಿ ಬಂದ ವ್ಯಾಪಾರಿಗಳೊಡನೆ ಈ ಮಾತುಗಳೂ ನಮ್ಮ ಕರಾವಳಿಯಲ್ಲಿ ಇಳಿದವು.

ನಾಜೂಕಿನ ತವರು 'ವಿಸ್ಟ್' ಎಂಬ ಆಟ. ಚಾರ್ಲ್ಸ್ ಕಾಟನ್ 1674ರಲ್ಲಿ ಪ್ರಕಟಿಸಿದ ಆಟಗಳ ಪುಸ್ತಕದಲ್ಲಿ ಅದರ ವರ್ಣನೆಯಿದೆ. ಬಹುಕಾಲ ಅದನ್ನು ದೊಡ್ಡ ಮನುಷ್ಯರು ಹತ್ತಿರ ಸೇರಿಸಲಿಲ್ಲ. 1728ರ ಸುಮಾರಿಗೆ ಲಂಡನ್ನಿನ ಕ್ರೌನ್ ಕಾಫಿ ಹೌಸಿನಲ್ಲಿ ಕಲೆಯುತ್ತಿದ್ದ ಲಾರ್ಡ್ ಫೋಕ್‌ಸ್ಟನ್ ಮೊದಲಾದ ಕೆಲವರು ಇದರಲ್ಲಿ ಬುದ್ಧಿಗೆ ಕೆಲಸವಿದೆಯೆಂದು ಕಂಡುಕೊಂಡರಂತೆ. ಬಲವಾದ ಬಣ್ಣದಿಂದ ನಡೆಸು, ನಿನ್ನ ಕೈಯಂತೆಯೇ ಜೊತೆಗಾರನ ಕೈಯನ್ನೂ ಅಭ್ಯಾಸಮಾಡು, ಎಣಿಕೆಯ ಮೇಲೆ ಕಣ್ಣಿಡು ಎಂಬಂಥ ಸೂತ್ರಗಳು ಅವರವು. ಈ ಎರಡನೆಯ ಸೂತ್ರವನ್ನು ಓದುಗರು ನೆನಪಿನಲ್ಲಿಡಬೇಕು. ಜೊತೆಗಾರ ಎದುರಿಗೇ ಕುಳಿತಿದ್ದಾನೆ, ಗೆಲುವೂ ಸೋಲೂ ಇಬ್ಬರಿಗೂ ಒಂದೇ. ಆದರೂ ಅವನ ಕೈಯಲ್ಲೇನಿದೆಯೆಂದು ಬಾಯಿಬಿಟ್ಟು ಕೇಳುವಂತಿಲ್ಲ. ಅವನು ಇಳಿಸಿದ ಎಲೆಯಿಂದಲೇ ಅವನ ಮನಸ್ಸನ್ನು ಓದಬೇಕು. ಮುಂದಿನ ಮುನ್ನೂರು ವರ್ಷಗಳಲ್ಲಿ ಈ ಆಟದ ವಂಶದಲ್ಲಿ ನಡೆದ ಜಗಳಗಳಿಗೆಲ್ಲ ಮೂಲ ಇದೇ: ಜೊತೆಗಾರನ ಕೈ ಎಷ್ಟು ತಿಳಿಯಬಹುದು, ಯಾವ ದಾರಿಯಿಂದ ತಿಳಿಯಬಹುದು?

1742ರಲ್ಲಿ ಎಡ್ಮಂಡ್ ಹಾಯ್ಲ್ ಎಂಬಾತ ವಿಸ್ಟಿನ ಮೇಲೆ ಒಂದು ಸಣ್ಣ ಪುಸ್ತಕ ಹೊರತಂದ. ಶ್ರೀಮಂತರ ಮನೆಗಳಲ್ಲಿ ಆಟದ ಪಾಠ ಹೇಳುತ್ತಿದ್ದ ಮೇಷ್ಟರು ಈತ. ಪುಸ್ತಕದ ಬೆಲೆ ಒಂದು ಗಿನಿ! ಕೊಳ್ಳುವವರಿಗೆ ಕೊರತೆಯಾಗಲಿಲ್ಲ, ಕದ್ದು ಅಚ್ಚುಹಾಕುವವರಿಗೂ ಆಗಲಿಲ್ಲ. ಕಳ್ಳಮುದ್ರಣಗಳ ಕಾಟ ತಾಳಲಾರದೆ ಹಾಯ್ಲ್ ಬೆಲೆ ಇಳಿಸಿ, ತನ್ನ ರುಜುವಿರುವ ಪ್ರತಿಯೇ ಅಸಲೆಂದು ಸಾರಿದ. ಪಠ್ಯಪುಸ್ತಕ ಬರೆದು ಕೈಸುಟ್ಟುಕೊಂಡ ನಮ್ಮಂಥ ಮೇಷ್ಟರುಗಳಿಗೆ ಆತನ ಪಾಡು ಚೆನ್ನಾಗಿಯೇ ಅರ್ಥವಾಗುತ್ತದೆ.

ನಾಜೂಕು ಎಂದರೇನೆಂದು ಅವನ ಗ್ರಂಥದ ಪದವಿವರಣೆಯಲ್ಲಿದೆ. ಒಂದು ಬಣ್ಣದ ಅತಿ ದೊಡ್ಡ ಎಲೆಯೂ ಮೂರನೆಯ ಎಲೆಯೂ ನಿನ್ನಲ್ಲಿದ್ದರೆ ಮೂರನೆಯದನ್ನು ಇಳಿಸು. ನಡುವಣ ಎಲೆ ನಿನ್ನ ಮುಂದಿನ ಎದುರಾಳಿಯಲ್ಲಿಲ್ಲ ಎಂಬುದಕ್ಕೆ ಎರಡು ಪಾಲು, ಇದೆ ಎಂಬುದಕ್ಕೆ ಒಂದು ಪಾಲು ಎಂದು ಅದರ ಸಾರ. ಕಾಣದ ಕೈಗಳು ಮೂರು. ರಾಜ ಆ ಮೂರರಲ್ಲಿ ಯಾವುದರಲ್ಲಾದರೂ ಇರಬಹುದು; ಕೊನೆಗೆ ಆಡುವವನ ಕೈಯಲ್ಲಿದ್ದರೆ ಮಾತ್ರ ನಮಗೆ ಕೇಡು. ಸಂಭವಗಳ ಗಣಿತ ಆಗತಾನೇ ಬೆಳೆಯುತ್ತಿದ್ದ ಕಾಲ ಅದು. ದ ಮುವಾವ್ರನ ಪ್ರಸಿದ್ಧ ಗ್ರಂಥ ಬಂದದ್ದು 1718ರಲ್ಲಿ. ಹಾಯ್ಲ್ ಕೂಡ 1754ರಲ್ಲಿ ಆ ಗಣಿತವನ್ನು ಸುಲಭಮಾಡಿ ಹೇಳುವ ಪುಸ್ತಕ ಬರೆದ. ವಿದ್ವಾಂಸರ ಮೇಜಿನ ಮೇಲಿದ್ದ ಲೆಕ್ಕವನ್ನು ಎಲೆಯಾಡುವವರ ಚಾಪೆಗೆ ಇಳಿಸಿದ ಕೀರ್ತಿ ಅವನದು.

ಆದರೆ ಲೆಕ್ಕದಲ್ಲಿ ಒಂದು ತೊಡಕಿದೆ. ರಾಜ ಜೊತೆಗಾರನ ಕೈಯಲ್ಲಿದ್ದರೆ ನಮ್ಮ ರಾಣಿ ಗೆಲ್ಲುವುದು ನಿಜ. ಎಕ್ಕ ಇಳಿಸಿದ್ದರೂ ಗೆಲ್ಲುತ್ತಿತ್ತು, ರಾಜನೂ ರಾಣಿಯೂ ಆಮೇಲೆ ಗೆಲ್ಲುತ್ತಿದ್ದವು. ಆ ಒಂದು ಪಾಲು ಲಾಭವೂ ಅಲ್ಲ ನಷ್ಟವೂ ಅಲ್ಲ. ಈಗಾಗಲೇ ಆಡಿದ ಎದುರಾಳಿಯಲ್ಲಿ ರಾಜ ಇದ್ದಾಗ ಮಾತ್ರ ನಾಜೂಕಿಗೆ ನಿಜವಾದ ಫಲ. ಮುಂದೆ ಆಡುವವನಲ್ಲಿದ್ದರೆ? ರಾಣಿ ಹೋಗುತ್ತದೆ, ಎಕ್ಕ ಉಳಿದೇ ಇರುತ್ತದೆ. ಮೊದಲೇ ಎಕ್ಕ ಇಳಿಸಿದ್ದರೂ ಅವನ ರಾಜ ಎಂದಾದರೊಂದು ಪಟ್ಟು ಹಿಡಿಯುತ್ತಿತ್ತಷ್ಟೆ. ಹಾಗಾದರೆ ನಷ್ಟವೆಲ್ಲಿ? ನಷ್ಟ ಹೊತ್ತಿನದು. ಎಕ್ಕ ಮತ್ತೆ ಹೊರಬರುವಷ್ಟರಲ್ಲಿ ಯಾರೋ ಒಬ್ಬರ ಬಳಿ ಆ ಬಣ್ಣ ಮುಗಿದಿದ್ದರೆ ತುರುಪಿನ ಎರಡು ಕೂಡ ಎಕ್ಕವನ್ನು ಹೊಡೆದುಹಾಕುತ್ತದೆ. ನಮ್ಮ ಹುಡುಗನಿಗಾದದ್ದು ಅದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಸ್ಟಿಗೆ ಶಾಸ್ತ್ರಕಾರರು ಹುಟ್ಟಿಕೊಂಡರು. 'ಕ್ಯಾವೆಂಡಿಷ್' ಎಂಬ ಕಾವ್ಯನಾಮದಿಂದ ಬರೆದ ಹೆನ್ರಿ ಜೋನ್ಸ್ ವೃತ್ತಿಯಿಂದ ವೈದ್ಯ. ಅವನ ಗ್ರಂಥ 1862ರಲ್ಲಿ ಬಂತು. ಎರಡನೆಯವನು ಸಣ್ಣದನ್ನು ಹಾಕಬೇಕು, ಮೂರನೆಯವನು ದೊಡ್ಡದನ್ನು ಹಾಕಬೇಕು ಎಂಬುದು ಆ ಪಂಥದ ಮನುಸ್ಮೃತಿ. ಜೊತೆಗಾರ ನಂಬಿ ನಡೆಸಿದ ಬಣ್ಣದಲ್ಲಿ ನಾಜೂಕು ತೋರಿಸಹೋಗುವುದು ಅವನ ನಂಬಿಕೆಗೆ ಮಾಡಿದ ಅಪಚಾರವೆಂಬ ಭಾವನೆ ಅದರ ಹಿಂದಿದೆ. ಎಕ್ಕ-ರಾಣಿಯ ಜೋಡಿಗೆ ಮಾತ್ರ ರಿಯಾಯಿತಿ. ಇಲ್ಲಿ ನನ್ನ ಒಲವು ಹಳಬರ ಕಡೆಗಿದೆಯೆಂದು ಒಪ್ಪಿಕೊಳ್ಳುತ್ತೇನೆ. ನಾಜೂಕು ಆಡುವವನು ಪಣವಾಗಿಡುವುದು ತನ್ನ ರಾಣಿಯನ್ನು ಮಾತ್ರವಲ್ಲ. ಇಬ್ಬರ ಪಾಲಿನ ಪಟ್ಟನ್ನೂ ಅವನೊಬ್ಬನೇ ತೀರ್ಮಾನಿಸಿ ಪಣಕ್ಕಿಡುತ್ತಾನೆ.

ಬಾಯಿ ಕಟ್ಟಿದ ಆಟದಲ್ಲಿ ಎಲೆಗಳಿಂದಲೇ ಮಾತಾಡುವ ಉಪಾಯಗಳೂ ಆಗಲೇ ಹುಟ್ಟಿದವು. ಬೇಕಿಲ್ಲದ ಕಡೆ ಮೊದಲು ದೊಡ್ಡ ಎಲೆ, ಆಮೇಲೆ ಸಣ್ಣ ಎಲೆ ಹಾಕಿದರೆ 'ತುರುಪು ನಡೆಸು' ಎಂದು ಜೊತೆಗಾರನಿಗೆ ಸೂಚನೆ. 1830ರ ದಶಕದಲ್ಲಿ ಇದನ್ನು ಬಳಕೆಗೆ ತಂದವನು ಲಾರ್ಡ್ ಹೆನ್ರಿ ಬೆಂಟಿಂಕ್. ಹೆಸರು ಎಲ್ಲೋ ಕೇಳಿದಂತಿದೆಯಲ್ಲ? 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನ ಅಣ್ಣನ ಮಗ ಈತ. ರಾಜ್ಯ ಕಳೆದುಕೊಂಡ ಒಡೆಯರು ತಾವೂ ಎಲೆಯಾಟಗಳ ರಸಿಕರು. ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನೇ ರೂಪಿಸಿದವರು. ಆ ದುಂಡು ಎಲೆಗಳದು ಬೇರೆಯ ವಂಶ, ಅದರ ಕಥೆಯನ್ನು ಇನ್ನೊಮ್ಮೆ ಹೇಳಬೇಕು. ಚಿಕ್ಕಪ್ಪ ಮೈಸೂರಿನಲ್ಲಿ ಆಡಿದ ಆಟಕ್ಕೂ ಅಣ್ಣನ ಮಗ ಲಂಡನ್ನಿನಲ್ಲಿ ಆಡಿದ್ದಕ್ಕೂ ಸಂಬಂಧವೇನೂ ಇಲ್ಲ, ನೆನಪಾಯಿತು, ಹೇಳಿದೆ.

ಶತಮಾನದ ಕೊನೆಗೆ ವಿಸ್ಟಿನ ಮನೆಗೆ ಒಂದು ಹೊಸ ನೆಂಟಸ್ತಿಕೆ ಬಂತು. 1886ರಲ್ಲಿ ಲಂಡನ್ನಿನಲ್ಲಿ 'ಬಿರಿಚ್' ಎಂಬ ಆಟದ ನಿಯಮಗಳ ಒಂದು ಕಿರುಹೊತ್ತಗೆ ಅಚ್ಚಾಯಿತು. 1894ರಲ್ಲಿ ಆ ಆಟ ಪೋರ್ಟ್‌ಲೆಂಡ್ ಕ್ಲಬ್ಬನ್ನು ಪ್ರವೇಶಿಸಿತು. ವಿಸ್ಟ್ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಇದೇ ಬ್ರಿಜ್. ಇದರಲ್ಲಾದ ದೊಡ್ಡ ಬದಲಾವಣೆಯೆಂದರೆ ಆಡುವವನ ಜೊತೆಗಾರ ತನ್ನ ಹದಿಮೂರು ಎಲೆಗಳನ್ನೂ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಹರಡಿ ಸುಮ್ಮನೆ ಕೂರುತ್ತಾನೆ. ಅವನ ಹೆಸರೇ 'ಡಮ್ಮಿ', ಮೂಕ. ಎರಡು ಕೈಗಳನ್ನೂ ಒಬ್ಬನೇ ಆಡುತ್ತಾನೆ.

ಇದರಿಂದ ನಾಜೂಕಿನ ಲೆಕ್ಕವೇ ಬದಲಾಯಿತು. ಎಕ್ಕ-ರಾಣಿ ಎದುರಿಗೆ ಹರಡಿದ ಕೈಯಲ್ಲಿವೆ. ರಾಜ ನಮ್ಮ ಇಬ್ಬರಲ್ಲೂ ಇಲ್ಲವೆಂದು ಕಣ್ಣಿಗೇ ಕಾಣುತ್ತದೆ. ಉಳಿದದ್ದು ಎಡಗಡೆಯವನು ಅಥವಾ ಬಲಗಡೆಯವನು. ಹಾಯ್ಲನ ಎರಡಕ್ಕೊಂದು ಇಲ್ಲಿ ಸಮಪಾಲಾಗಿ ಕುಸಿಯಿತು. ಹೆಚ್ಚು ಕಂಡದ್ದರಿಂದ ಗೆಲ್ಲುವ ಸಂಭವ ಕಡಿಮೆಯಾಯಿತೆಂದರೆ ಮೊದಲು ವಿಚಿತ್ರವೆನಿಸುತ್ತದೆ. ಕಡಿಮೆಯಾದದ್ದು ಆ ಲಾಭವೂ ಅಲ್ಲದ ನಷ್ಟವೂ ಅಲ್ಲದ ಪಾಲು ಮಾತ್ರ. ಉಳಿದದ್ದು ಅಪ್ಪಟ ಪ್ರಶ್ನೆ. ಜೊತೆಗಾರನ ಮನಸ್ಸನ್ನು ಊಹಿಸುವ ಭಾರ ಇಳಿದುಹೋಗಿ, ನಾಜೂಕು ಈಗ ಗಣಿತಕ್ಕೆ ದಕ್ಕುವ ವಸ್ತುವಾಯಿತು. ರಾಣಿ ಎದುರಾಳಿಗಳಲ್ಲಿದ್ದು, ಆ ಬಣ್ಣದ ಎಂಟು ಎಲೆ ನಮ್ಮ ಎರಡು ಕೈಗಳಲ್ಲಿದ್ದರೆ ನಾಜೂಕು ಆಡಬೇಕು. ಒಂಬತ್ತಿದ್ದರೆ ಎಕ್ಕ, ರಾಜಗಳನ್ನು ಮೇಲಿಂದ ಮೇಲೆ ಇಳಿಸಿ ರಾಣಿಯನ್ನು ಉದುರಿಸುವುದೇ ಕೊಂಚ ಮೇಲು. ಹೊರಗಿರುವ ಐದು ಎಲೆಗಳು ಎದುರಾಳಿಗಳಲ್ಲಿ ಮೂರು-ಎರಡಾಗಿ ಹಂಚಿಹೋಗುವುದು ನೂರರಲ್ಲಿ 68 ಸಲ. ನಾಲ್ಕು ಎಲೆಗಳು ಎರಡು-ಎರಡಾಗುವುದು 41 ಸಲವಾದರೆ ಮೂರು-ಒಂದಾಗುವುದು 50 ಸಲದ ಹತ್ತಿರ. ಫ್ರಾನ್ಸಿನ ಹೆಸರಾಂತ ಗಣಿತಜ್ಞ ಎಮಿಲ್ ಬೊರೆಲ್, ಆಂದ್ರೆ ಶೆರಾನ್ ಎಂಬುವರ ಜೊತೆ ಸೇರಿ 1940ರಲ್ಲಿ ಬ್ರಿಜ್ಜಿನ ಗಣಿತದ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದ. ಒಬ್ಬನಿಗೆ ಬರಬಹುದಾದ ಹದಿಮೂರು ಎಲೆಗಳ ಕೈಗಳು 6,35,01,35,59,600 ಬಗೆ ಎಂದಮೇಲೆ ಗಣಿತಜ್ಞನಿಗೆ ಕೆಲಸವಿಲ್ಲದೆ ಹೋದೀತೆ?

ಆಮೇಲಿನ ಕಥೆ ಹಲವರಿಗೆ ಗೊತ್ತಿರುವುದೇ. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಹಡಗಿನ ಪ್ರಯಾಣದಲ್ಲಿ 'ಕಾಂಟ್ರಾಕ್ಟ್' ಬ್ರಿಜ್ಜಿನ ಅಂಕಪದ್ಧತಿಯನ್ನು ರೂಪಿಸಿದ. 1931ರ ಕೊನೆಗೆ ನ್ಯೂಯಾರ್ಕಿನಲ್ಲಿ ಆರಂಭವಾದ ಕಲ್ಬರ್ಟ್‌ಸನ್-ಲೆಂಟ್ಸ್ ಪಂದ್ಯದ ಸುದ್ದಿಯನ್ನು ಪತ್ರಿಕೆಗಳು ದಿನದಿನವೂ ಹೊತ್ತು ತಂದವು. ನಮ್ಮವರಾದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ಜಿಗೆ ಚಿನ್ನ ತಂದಾಗ, ಬರ್ಧನ್ನರಿಗೆ ಅರವತ್ತು ವರ್ಷ.

ಜೊತೆಗಾರನ ಕೈ ಎಷ್ಟು ತಿಳಿಯಬಹುದೆಂಬ ಹಳೆಯ ಜಗಳ ಮಾತ್ರ ಮುಗಿಯಲಿಲ್ಲ. ಎಲೆ ನಡೆಸುವುದಕ್ಕೆ ಮೊದಲು ಕೂಗು ನಡೆಯುತ್ತದೆ. ಆಗ ಎಲ್ಲ ಕೈಗಳೂ ಮುಚ್ಚಿಯೇ ಇರುತ್ತವೆ. 1965ರಲ್ಲಿ ಬ್ಯೂನಸ್ ಐರಿಸಿನ ವಿಶ್ವಪಂದ್ಯದಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್, ಬೋರಿಸ್ ಶಪೀರೊ ಎಂಬಿಬ್ಬರು ಎಲೆ ಹಿಡಿದ ಬೆರಳುಗಳಿಂದ ಆಟೀನಿನ ಎಣಿಕೆಯನ್ನು ಒಬ್ಬರಿಗೊಬ್ಬರು ತಿಳಿಸುತ್ತಿದ್ದರೆಂಬ ಆರೋಪ ಬಂತು. ವಿಶ್ವಸಂಸ್ಥೆಯವರು ತಪ್ಪಿತಸ್ಥರೆಂದರು, ಮರುವರ್ಷ ಬ್ರಿಟನ್ನಿನ ವಿಚಾರಣೆ ಸಂಶಯದ ಲಾಭ ಕೊಟ್ಟು ಬಿಟ್ಟಿತು. 1975ರ ವಿಶ್ವಪಂದ್ಯದ ಹೊತ್ತಿಗೆ ಜೊತೆಗಾರರು ಒಬ್ಬರ ಮುಖ ಒಬ್ಬರು ನೋಡದಂತೆ ಮೇಜಿನ ಮೇಲೆ ಓರೆಯಾಗಿ ಪರದೆ ಎದ್ದಿತು. ಆ ಪಂದ್ಯದಲ್ಲೇ ಮೇಜಿನ ಕೆಳಗೆ ಕಾಲು ತಾಗಿಸಿದರೆಂಬ ದೂರು ಹುಟ್ಟಿದ್ದು ಬೇರೆ ಮಾತು.

ನಮ್ಮ ಮನೆಗಳಲ್ಲಿ ಇಸ್ಪೀಟೆಂದರೆ ಹಿರಿಯರು ಹುಬ್ಬು ಗಂಟಿಕ್ಕುವುದು ಜೂಜಿನ ಭಯದಿಂದ. ಆ ಭಯ ಸುಳ್ಳಲ್ಲ. ಎಷ್ಟೋ ಮನೆ ಇದರಿಂದ ಮುರಿದಿವೆ. ಆದರೆ ಅದೃಷ್ಟ ಎಲ್ಲಿ ಮುಗಿಯುತ್ತದೆ, ಬುದ್ಧಿ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ 1967ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ ರಮ್ಮಿ ಬಹುಮಟ್ಟಿಗೆ ಕುಶಲತೆಯ ಆಟವೆಂದೂ, ಅದರಲ್ಲಿರುವ ಅದೃಷ್ಟ ಬ್ರಿಜ್ಜಿನಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದೇ ಎಂದೂ ನ್ಯಾಯಾಲಯ ಹೇಳಿತು. ನಾಜೂಕು ನಿಂತಿರುವುದು ಆ ಗಡಿಯ ಕಲ್ಲಿನ ಮೇಲೆಯೇ. ರಾಜ ಎಲ್ಲಿದೆಯೆಂಬುದು ಹಂಚಿದಾಗಲೇ ತೀರ್ಮಾನವಾಗಿಹೋಗಿದೆ, ಯಾವ ಜಾಣನೂ ಅದನ್ನು ಕದಲಿಸಲಾರ. ಎಲ್ಲಿರಬಹುದೆಂದು ಊಹಿಸುವುದೊಂದೇ ಅವನ ಪಾಲಿನ ಕೆಲಸ.

ಈಗ ಸ್ಪೇಡ್ಸಿಗೆ ಬರೋಣ. 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಜೊತೆ ಊರೂರು ತಿರುಗಿತು. ಇದು ವಿಸ್ಟಿನ ಮರಿಮಗು, ಬ್ರಿಜ್ಜಿನ ಬಡನೆಂಟ. ಇಸ್ಪೀಟೇ ಸದಾ ತುರುಪು. ಅದನ್ನು ಆರಿಸುವ ಗೊಡವೆಯಿಲ್ಲ. ಹರಡಿದ ಕೈಯಿಲ್ಲ, ನಾಲ್ಕೂ ಕೈಗಳು ಕೊನೆಯವರೆಗೆ ಮುಚ್ಚಿಯೇ ಇರುತ್ತವೆ. ಹೀಗಾಗಿ ಹಾಯ್ಲನ ಮೂರರಲ್ಲಿ ಎರಡು ಪಾಲು ಮತ್ತೆ ಜೀವ ಪಡೆಯಿತು. ಆದರೆ ವಿಸ್ಟಿನಲ್ಲಿಲ್ಲದ ಒಂದು ವಿಶೇಷ ಇಲ್ಲಿದೆ. ಆಡುವ ಮೊದಲು ಪ್ರತಿಯೊಬ್ಬನೂ ತನಗೆಷ್ಟು ಪಟ್ಟು ಬರುತ್ತದೆಂದು ಬಾಯಿಬಿಟ್ಟು ಹೇಳಬೇಕು. ಜೊತೆಗಾರರ ಎರಡು ಸಂಖ್ಯೆಗಳನ್ನೂ ಕೂಡಿಸಿ, ಅಷ್ಟು ಗೆದ್ದರೆ ಪಟ್ಟಿಗೆ ಹತ್ತರಂತೆ ಅಂಕ. ಒಂದು ಕಡಿಮೆಯಾದರೂ ಅಷ್ಟೂ ಅಂಕ ನಷ್ಟ. ಹೆಚ್ಚು ಗೆದ್ದರೆ ಒಂದೊಂದಕ್ಕೆ ಒಂದೇ ಅಂಕ. ಅಂಥವು ಹತ್ತು ಕೂಡಿದರೆ ನೂರು ಅಂಕ ದಂಡವೆಂಬ ನಿಯಮವೂ ರೂಢಿಯಲ್ಲಿದೆ.

ಇಲ್ಲಿ ನಾಜೂಕಿನ ಸ್ವಭಾವವೇ ಬೇರೆಯಾಗುತ್ತದೆ. ಹೇಳಿದ ಸಂಖ್ಯೆ ತುಂಬಿದಮೇಲೆ ಪಟ್ಟು ಗೆಲ್ಲುವುದೇ ಹೊರೆ. ಆಗ ರಾಣಿಯನ್ನಿಳಿಸಿ ರಾಜನಿಗೆ ಸೋಲಲಿ ಎಂದು ಹಾರೈಸುವ ತಲೆಕೆಳಗಿನ ನಾಜೂಕು. 'ನನಗೊಂದೂ ಬಾರದು' ಎಂದು ಸೊನ್ನೆ ಹೇಳಿ ನೂರು ಅಂಕ ಗಿಟ್ಟಿಸಹೊರಟವನಿದ್ದರೆ, ಎದುರಾಳಿಗಳು ಅವನ ಎಲೆಗಿಂತ ಕೆಳಗೇ ಇಳಿಸಿ ಅವನ ತಲೆಗೆ ಒಂದು ಪಟ್ಟು ಕಟ್ಟಲು ಹೊಂಚುತ್ತಾರೆ. ಅವನ ಜೊತೆಗಾರ ಸಿಕ್ಕ ಸಿಕ್ಕಲ್ಲಿ ದೊಡ್ಡ ಎಲೆ ಹಾಕಿ ಅವನನ್ನು ಮರೆಮಾಡಬೇಕು, ಅಲ್ಲಿ ನಾಜೂಕಿಗೆ ಎಡೆಯೇ ಇಲ್ಲ. ಇನ್ನು ಮೊದಲ ಸುತ್ತುಗಳಲ್ಲಿ ತುರುಪನ್ನು ತಾನಾಗಿ ನಡೆಸುವಂತಿಲ್ಲವಾದ್ದರಿಂದ ಬ್ರಿಜ್ಜಿನಲ್ಲಿ ಮಾಡುವಂತೆ ಎದುರಾಳಿಗಳ ತುರುಪನ್ನು ಮೊದಲೇ ಬಸಿದುಹಾಕಲಾಗದು. ಹೀಗೆ ಬಚ್ಚಿಟ್ಟ ಎಕ್ಕ ಬ್ರಿಜ್ಜಿನಲ್ಲಿರುವಷ್ಟು ಭದ್ರವಲ್ಲ. ಕೈಯಲ್ಲಿ ಆ ಬಣ್ಣದ್ದು ಎರಡೇ ಎಲೆಯಿದ್ದಾಗಲಂತೂ ಎಕ್ಕವನ್ನು ಮೊದಲೇ ಆಡಿಬಿಡುವುದು ಲೇಸು.

ನಮ್ಮ ನಡುಮನೆಯ ಆಟ ಮುಗಿದಾಗ ತಾತ-ಮೊಮ್ಮಗ ಏಳು ಹೇಳಿ ಆರು ಗೆದ್ದಿದ್ದರು. ಎಪ್ಪತ್ತು ಅಂಕ ಹೋಯಿತು. ಹುಡುಗ ಕಾಗದದ ಮೇಲೆ ಅದನ್ನು ಬರೆಯುತ್ತ ಮತ್ತೆ ತನ್ನ ಮೂರರಲ್ಲೊಂದನ್ನು ಎತ್ತಿದ.

"ನಿನ್ನ ಅತ್ತೆ ಎಷ್ಟು ಹೇಳಿದ್ಳು?" ಎಂದು ಕೇಳಿದರು ದೊಡ್ಡಪ್ಪನವರು.

"ಒಂದು."

"ನಿನ್ನ ಮಾವ?"

"ನಾಲ್ಕು."

"ಮತ್ತೆ ರಾಜ ಯಾರ ಕೈಲಿರುತ್ತೋ, ಮಂಕೆ?"

ಹುಡುಗ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಅವನ ಅತ್ತೆಯ ಮುಖ ನೋಡಿದ. ಆಮೇಲೆ ಎಲೆಗಳನ್ನು ಕೂಡಿಸಿ ಕಲಸತೊಡಗಿದ.